ಎಂಟನೆಯ ಬಟ್ಟೆ

ತಂತಿಯ ಮೇಲೆ ಎಂಟು ಬಟ್ಟೆಗಳಿದ್ದವು. ಮರಗೆಲಸದ ಮೇಸ್ತ್ರಿ ಕೆಲಸದ ಕೋಣೆಯ ಬಾಗಿಲಲ್ಲೇ ನಿಂತು ಮತ್ತೆ ಎಣಿಸಿದ. ಎಂಟೇ. ನಿನ್ನೆ ಸಂಜೆ ಏಳು ಬಟ್ಟೆಗಳನ್ನು ತಾನೇ ಹರವಿ ಬೀಗ ಹಾಕಿದ್ದ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತನ್ನಷ್ಟಕ್ಕೆ ಕಾವು ಏರಿ ಹೊತ್ತಿಕೊಳ್ಳುತ್ತದೆ; ಅದಕ್ಕೇ ಬಿಡಿಸಿ ಒಣಗಹಾಕುವುದು ಈ ಮನೆಯಲ್ಲಿ ಕೈ ತೊಳೆದಷ್ಟು ರೂಢಿ. ಕದ್ದು ಬಂದವರೂ ಆ ರೂಢಿ ತಪ್ಪಿಸಿರಲಿಲ್ಲ. ಅಂದರೆ ಹೊರಗಿನವರಲ್ಲ.

ಅನುಮಾನ ಬಹಳ ದೂರ ಹೋಗಬೇಕಾಗಿರಲಿಲ್ಲ. ಕೆಲಸದ ಕೋಣೆಯ ಇನ್ನೊಂದು ಬೀಗದಕೈ ಇದ್ದದ್ದು ಬಾಮೈದನ ಹತ್ತಿರ. ಹನ್ನೊಂದು ವರ್ಷ ಹೆಗಲಿಗೆ ಹೆಗಲು ಕೊಟ್ಟು ದುಡಿದವನು ಈಚೆಗೆ ಒಂದೇ ರಾಗ ಹಿಡಿದಿದ್ದ: ಎಣ್ಣೆ ಸಾಕು, ವಾರ್ನಿಷ್ ಹೊಡೆಯೋಣ. ವಾರ್ನಿಷ್ ಅಂದರೆ ಮೇಸ್ತ್ರಿಗೆ ಮೈಯೆಲ್ಲ ಉರಿ. ಎಣ್ಣೆ ಸವರಬೇಕು, ಮರ ಕುಡಿಯುವಷ್ಟು ಕುಡಿಯಲು ಬಿಡಬೇಕು, ಮಿಕ್ಕಿದ್ದನ್ನು ಚೂರೂ ಉಳಿಯದಂತೆ ಒರೆಸಬೇಕು. ಉಳಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಆ ಒರೆಸುವುದರಲ್ಲೇ ಅವನ ಹೆಸರಿದ್ದದ್ದು. ಮೇಸ್ತ್ರಿ ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಮರ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಾನೆ ಎಂದು ಊರೆಲ್ಲ ನಂಬಿತ್ತು. ಅವನೂ ನಂಬಿದ್ದ.

ಗಿರಾಕಿಗೆಂದು ಮಾಡುತ್ತಿದ್ದ ಊಟದ ಮೇಜಿಗೆ ಮೂಗು ತಾಗಿಸಿ ಮೂಸಿದ. ವಾರ್ನಿಷ್ ವಾಸನೆ ಇರಲಿಲ್ಲ. ಈಗ ವಾಸನೆಯಿಲ್ಲದ್ದೂ ಬಂದಿರಬೇಕು ಎಂದುಕೊಂಡ; ಅನುಮಾನದ ತಲೆ ಹಾಗೆಯೇ ಓಡುವುದು. ನಾಡಿದ್ದು ಮೇಜು ಗಿರಾಕಿಯ ಮನೆ ಸೇರಿದ ಮೇಲೆ ತನ್ನ ಕೆಲಸಕ್ಕೆ ಕೆಟ್ಟ ಹೆಸರು ತಂದು, ಆಮೇಲೆ ವಾರ್ನಿಷ್ ಹಟ ಸಾಧಿಸುವುದು ಬಾಮೈದನ ಹುನ್ನಾರ.

ಬಾಮೈದ ಬಂದು ಚಪ್ಪಲಿ ಬಿಡುವ ಮೊದಲೇ ಮೇಸ್ತ್ರಿ ಕೈ ಚಾಚಿದ.

"ಬೀಗದಕೈ ಕೊಡು."

"ಯಾಕೆ ಭಾವ?"

"ನನ್ನ ಬೆನ್ನ ಹಿಂದೆ ನನ್ನ ಮೇಜು ಮುಟ್ಟೋರು ನಂಗೆ ಬೇಡ."

ಬಾಮೈದ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಅವನ ಅಕ್ಕ, ಮೇಸ್ತ್ರಿಯ ಹೆಂಡತಿ, ನಿಂತಿದ್ದಳು. "ಅಕ್ಕನ ಮುಖ ನೋಡ್ಕೊಂಡು ಸುಮ್ನಿದೀನಿ," ಎಂದಷ್ಟೇ ಹೇಳಿ, ಬೀಗದಕೈಯನ್ನು ಮೇಜಿನ ಮೇಲಲ್ಲ, ಜೋಪಾನವಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ. ಎಷ್ಟು ಕೊಬ್ಬು ಎಂದುಕೊಂಡ ಮೇಸ್ತ್ರಿ.

ಹೆಂಡತಿ ಚಹಾ ತಂದಳು. ಲೋಟ ಕಾದಿದೆ, ಅಂಚು ಹಿಡಿದುಕೊಳ್ಳಿ ಅಂದಳು. ಅವನು ಸಿಟ್ಟಿನಲ್ಲಿ ಇಡೀ ಲೋಟವನ್ನೇ ಮುಷ್ಟಿಯಲ್ಲಿ ಹಿಡಿದು ಕುಡಿದ. ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು.

ಆ ದಿನ ಒಬ್ಬನೇ ಇನ್ನೊಂದು ಸಲ ಎಣ್ಣೆ ಹಾಕಿ, ಒರೆಸಿ, ಏಳು ಬಟ್ಟೆ ಹರವಿ, ಎರಡೂ ಬೀಗದಕೈಗಳನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದ. ಅಡುಗೆಮನೆಯಿಂದ ಕೆಲಸದ ಕೋಣೆಗೆ ಒಂದು ಒಳಬಾಗಿಲಿತ್ತು, ಅದಕ್ಕೆ ಬರೀ ಚಿಲಕ. ಅದು ಅವನ ತಲೆಗೇ ಬರಲಿಲ್ಲ.

ಬೆಳಕು ಹರಿಯುವಾಗ ಎಚ್ಚರವಾಯಿತು. ಪಕ್ಕದ ಹಾಸಿಗೆ ಖಾಲಿ. ಒಳಬಾಗಿಲಿನಾಚೆ ಮರದ ಮೇಲೆ ಬಟ್ಟೆ ಆಡುವ ಸದ್ದು. ಹೋಗಿ ನೋಡಿದರೆ, ಹೆಂಡತಿ ಅವನದೇ ಹಳೇ ಅಂಗಿಯ ತುಂಡಿನಿಂದ ಮೇಜಿನ ಮೂಲೆ ಒರೆಸುತ್ತಿದ್ದಳು. ಒರೆಸಿ, ಬಾಗಿ, ಕೆನ್ನೆಯನ್ನು ಮರಕ್ಕಿಟ್ಟು ನೋಡಿ, ಮತ್ತೆ ಒರೆಸಿದಳು.

"ನಾನು ಒರೆಸಿದ್ದನ್ನ ಮತ್ತೆ ಒರೆಸ್ತಿದೀಯಾ?"

ಅವಳು ಬೆಚ್ಚಲಿಲ್ಲ. "ಅಂಟು ಉಳೀತಿದೆ. ಮೂರು ತಿಂಗಳಾಯ್ತು. ಒರೆಸಿದ ಬಟ್ಟೆ ಹಿತ್ತಲಲ್ಲಿ ಹರವ್ತಿದ್ದೆ, ನಿನ್ನೆ ಇಲ್ಲೇ ಹರವಿಬಿಟ್ಟೆ."

"ಬೆರಳಿಟ್ಟು ನೋಡೇ ಬಿಟ್ಟಿದೀನಿ."

"ಬೆರಳು ಬೇಡ," ಎಂದು ಅವನ ಮಣಿಕಟ್ಟು ಹಿಡಿದು, ಮುಂಗೈಯನ್ನು ಇನ್ನೊಂದು ಮೂಲೆಯ ಮೇಲೆ ಒತ್ತಿದಳು. ಎತ್ತುವಾಗ ಕೂದಲು ಚುರ್ರೆಂದು ಎಳೆಯಿತು. ಅದೇ ಜಾಗದಲ್ಲಿ ಅವನು ಬೆರಳಿಟ್ಟ. ಏನೂ ತಿಳಿಯಲಿಲ್ಲ. ಮತ್ತೆ ಇಟ್ಟ, ಒತ್ತಿದ. ಏನೂ ಇಲ್ಲ. ನಲವತ್ತು ವರ್ಷ ಅನ್ನ ಹಾಕಿದ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ನಿನ್ನ ತಮ್ಮನಿಗೂ ಗೊತ್ತಾ?"

"ಮೊದ್ಲು ನೋಡಿದ್ದೇ ಅವನು. ನಿಮ್ಗೆ ಹೇಳೋಕೆ ಬಾಯಿ ಬರ್ಲಿಲ್ಲ. ವಾರ್ನಿಷ್ ಆದ್ರೆ ಒರೆಸೋ ಕೆಲ್ಸನೇ ಇರಲ್ವಲ್ಲ, ಅಂತ ಅದನ್ನ ಹಿಡ್ಕೊಂಡ."

ಮೇಸ್ತ್ರಿ ಅವಳ ಕೈಯಿಂದ ಅಂಗಿಯ ತುಂಡು ತೆಗೆದುಕೊಂಡು ಆ ಮೂಲೆ ಒರೆಸಿದ. ಬಾಗಿ ಕೆನ್ನೆಯಿಟ್ಟು ನೋಡಿ ಇನ್ನೊಮ್ಮೆ ಒರೆಸಿದ. ಬಟ್ಟೆಯನ್ನು ಬಿಡಿಸಿ ತಂತಿಯ ಮೇಲೆ ಎಂಟನೆಯದಾಗಿ ಹರವಿದ. ಆಮೇಲೆ ದಿಂಬಿನಡಿಯಿಂದ ಬಾಮೈದನ ಬೀಗದಕೈ ತೆಗೆದು, ಮುಷ್ಟಿಯಲ್ಲಿ ಹಿಡಿದು, ಮುಖವನ್ನೂ ತೊಳೆಯದೆ ಬೀದಿಗಿಳಿದ.

ತಿರುವು ತಲುಪುವಷ್ಟರಲ್ಲಿ ಎರಡು ಸಲ ನಿಂತು ಮುಷ್ಟಿ ಬಿಚ್ಚಿದ, ಬೀಗದಕೈ ಇನ್ನೂ ಅಲ್ಲೇ ಇದೆಯೇ ಎಂದು ನೋಡಲು.