ಎದುರು ಬದಿಯ ಕೈ

ಇನ್ನೊಂದೇ ಏಟು ಬಾಕಿ ಇರುವಾಗ ಪರದೆಯ ಮೇಲೆ ಎದುರಾಳಿಯ ಮುದುಕ ಕೋಲು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಹೊರಿಗುಚಿ ಆಡಿಸುತ್ತಿದ್ದ ಬೆಸ್ತರ ಹುಡುಗಿ ನೆಲ ಬಿಟ್ಟು ಮೇಲೆದ್ದಳು, ಗಾಳಿಯಲ್ಲಿ ಒಂದು ಸುತ್ತು ತಿರುಗಿದಳು, ಎರಡೂ ಕಾಲು ಜೋಡಿಸಿ ಮುದುಕನ ಎದೆಗೆ ಒದ್ದಳು. ಪರದೆಯ ತುಂಬ ಹಳದಿ ಬೆಳಕು ಹರಿಯಿತು. ಹೊರಿಗುಚಿ ಗೆದ್ದಿದ್ದ.

ಅವನಿಗೆ ಸಂತೋಷವಾಗಲಿಲ್ಲ. ಎಡಗೈಯ ಬೆರಳುಗಳ ಸಂದಿನಲ್ಲಿ ಹಿಡಿಕೆಯ ದುಂಡು ತಲೆ ಇನ್ನೂ ಬೆಚ್ಚಗಿತ್ತು. ಆ ಬೆರಳುಗಳ ಯೋಗ್ಯತೆ ಅವನಿಗೆ ಚೆನ್ನಾಗಿ ಗೊತ್ತು. ಚಳಿಗಾಲದಲ್ಲಿ, ಬಂದರಿನ ಐಸ್ ಕಾರ್ಖಾನೆಯಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾಗ ಲಕ್ವ ಹೊಡೆದು ಬಿದ್ದಿದ್ದ. ಏಳು ತಿಂಗಳಾದರೂ ಕಿರುಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಅಂಥ ಕೈಗೆ ಈ ಊರಿನಲ್ಲಿ ಯಾರನ್ನು ಬೇಕಾದರೂ ಸೋಲಿಸುವುದು ಸಾಧ್ಯವಾಗಬಹುದು, ಎದುರು ಬದಿಯಲ್ಲಿ ಕೂತ ಹೆಂಗಸನ್ನು ಮಾತ್ರ ಸಾಧ್ಯವಿಲ್ಲ.

ಆ ಆಟದಂಗಡಿಯಲ್ಲಿ ವಿಡಿಯೊ ಗೇಮ್ ಯಂತ್ರಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಇಟ್ಟಿದ್ದರು. ಈಚೆ ಕೂತವರಿಗೆ ಆಚೆಯವರ ಮುಖ ಕಾಣದು, ಗುಂಡಿಗಳ ಟಕಟಕ ಮಾತ್ರ ಕೇಳುತ್ತದೆ. ಇಸ್ತ್ರಿ ಅಂಗಡಿಯ ಸುಮಿ ಗುರುವಾರ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಬರುತ್ತಿದ್ದಳು, ಅವನು ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೆ ನಡೆದಿತ್ತು. ಲಕ್ವ ಹೊಡೆದ ಮೇಲೆ ಅವನು ಬಂದದ್ದು ಇವತ್ತೇ ಮೊದಲು. ಮೆಟ್ಟಿಲ ಮೇಲೆ ಸಿಕ್ಕರೆ ತಲೆ ಬಾಗಿಸುವುದು, ಅದಕ್ಕಿಂತ ಹೆಚ್ಚಿನ ಪರಿಚಯವಿಲ್ಲ. ಆದರೆ ಅವಳು ಯಾವಾಗ ಉಸಿರು ಬಿಗಿ ಹಿಡಿಯುತ್ತಾಳೆ, ಯಾವಾಗ ಸಿಟ್ಟಾಗುತ್ತಾಳೆ ಎಂಬುದೆಲ್ಲ ಅವನಿಗೆ ಆ ಟಕಟಕದಲ್ಲೇ ತಿಳಿಯುತ್ತಿತ್ತು. ಆಸ್ಪತ್ರೆಯ ಜೊಂಪಿನಲ್ಲೂ ಎಷ್ಟೋ ಸಲ ಗೋಡೆಯ ಆಚೆಯಿಂದ ಅದೇ ಸದ್ದು ಬಂದಂತಾಗಿ, ಹೊದಿಕೆಯ ಅಡಿಯಲ್ಲಿ ಅವನ ಎಡಗೈ ಇಲ್ಲದ ಹಿಡಿಕೆಯನ್ನು ಹುಡುಕಿತ್ತು.

ಜುಲೈ ತಿಂಗಳ ಮಂಜು ಕುಶಿರೊ ಬಂದರಿನಿಂದ ಎದ್ದು ಬೀದಿಗೆ ಬೀದಿಯನ್ನೇ ನುಂಗಿತ್ತು. ಕಿಟಕಿಯ ಹೊರಗೆ ಏನೂ ಇರಲಿಲ್ಲ, ಬರೀ ಬಿಳುಪು. ಹೊರಿಗುಚಿ ಊರುಗೋಲು ತೆಗೆದುಕೊಂಡು ಎದ್ದ. ಯಂತ್ರಗಳ ಸಾಲನ್ನು ಸುತ್ತಿಕೊಂಡು, ಎಂದೂ ಕಾಲಿಡದ ಆಚೆ ಬದಿಗೆ ನಡೆದ. ಅಲ್ಲಿಯವರೆಗಿನ ಹತ್ತು ಹೆಜ್ಜೆ ನೀರಿನಡಿ ನಡೆದಷ್ಟು ನಿಧಾನವಾಯಿತು.

ಸುಮಿ ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಅವಳ ತಲೆಗೂದಲು ಇಷ್ಟು ಬೆಳ್ಳಗಾಗಿರುವುದು ಅವನಿಗೆ ತಿಳಿದೇ ಇರಲಿಲ್ಲ.

"ಬಿಟ್ಟುಕೊಟ್ರಿ ನೀವು," ಎಂದ.

"ಏನನ್ನ?"

"ಆಟಾನ. ಕೋಲು ಎತ್ತಿದ್ರೆ ಅಲ್ಲಿಗೇ ಮುಗೀತಿತ್ತು. ನೀವು ಎತ್ತಲಿಲ್ಲ. ಈ ಕರುಣೆಗಿರುಣೆ ಎಲ್ಲಾ ನನ್ನ ಹತ್ರ ಬೇಡ ಕಣ್ರೀ. ಮನೇಲಿ ಬೇಕಾದಷ್ಟು ಬೀಳ್ತಿದೆ. ಸೊಸೆ ಮೀನಿನ ಮುಳ್ಳು ಬಿಡಿಸಿ ತಟ್ಟೆಗೆ ಇಡ್ತಾಳೆ. ನಂಗೆ! ಮೂವತ್ತು ವರ್ಷ ಬಂದರಲ್ಲಿ ಸವೆದೋನಿಗೆ!"

ಗಲ್ಲಾದ ಹಿಂದೆ ಒದ್ದೆ ಟವೆಲ್ ಮಡಚುತ್ತಿದ್ದ ಆಟದಂಗಡಿಯ ಯಜಮಾನ ಹತಾನಕಾ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. "ಅಬ್ಬಾ, ಮಾತಾಡಿದ್ರಪ್ಪ! ನಾನು ಸತ್ತ ಮೇಲೇ ಇದು ಆಗೋದು ಅಂದ್ಕೊಂಡಿದ್ದೆ."

"ನೀವು ಸುಮ್ಮನಿರಿ ಹತಾನಕಾ ಅವ್ರೇ," ಎಂದಳು ಸುಮಿ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದಳು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

"ಕರುಣೆ ಏನಿಲ್ಲ ಇದ್ರಲ್ಲಿ. ನೀವು ಬರದೇ ಇದ್ದಾಗ ಆ ಕಡೆ ಯಾರ್ಯಾರೋ ಕೂತ್ರು. ಎಲ್ರೂ ಅದೇ ಹುಡುಗೀನ ಆಡಿಸ್ತಾರೆ, ಚೆನ್ನಾಗೇ ಆಡಿಸ್ತಾರೆ. ಯಾರ ಕೈಯಲ್ಲೂ ಅವಳು ಹಂಗೆ ಹಾರಲ್ಲ. ಹಾರಿಸೋಕೆ ಮುಂಚೆ ನೀವು ಅವಳನ್ನ ಒಂದು ಹೆಜ್ಜೆ ಹಿಂದಕ್ಕೆ ಎಳ್ಕೋತೀರಲ್ಲ?"

"ನಾನಾ?"

"ಮತ್ತಿನ್ಯಾರು? ಪ್ರತಿ ಸಲ. ಅದ್ರಿಂದ ಮೂರು ಕಾಸಿನ ಉಪಯೋಗ ಇಲ್ಲ, ನಂಗೇ ಸುಳಿವು ಸಿಗುತ್ತೆ. ಇವತ್ತೂ ಹಿಂದೆ ಸರಿದ್ಲು. ಓ, ಬಂದ್ರು ಅನ್ನಿಸ್ತು. ನೋಡ್ತಾ ಕೂತ್‌ಬಿಟ್ಟೆ. ಕೋಲು ಎತ್ತೋದು ಮರೆತ್ಹೋಯ್ತು, ಅಷ್ಟೇ."

ಹೊರಿಗುಚಿ ತನ್ನ ಕಾಲುಗಳನ್ನು ನೋಡಿಕೊಂಡ. ಕಾರ್ಖಾನೆಯ ಐಸು ಕಟ್ಟಿದ ಜಗಲಿಯಿಂದ ಲಾರಿಯೊಳಕ್ಕೆ ನೆಗೆಯುವ ಮೊದಲು ಜಾರದಿರಲೆಂದು ಒಂದು ಹೆಜ್ಜೆ ಹಿಂದಿಟ್ಟು ನೋಡುವುದು ಅವನ ಕಾಲುಗಳಿಗೆ ಹರೆಯದಿಂದಲೂ ರೂಢಿ. ಅದು ಕೈಗೆ ಯಾವಾಗ ಇಳಿಯಿತೋ. ಹೆಂಡತಿ ಬದುಕಿದ್ದಾಗ ಅವಳೂ ಇದನ್ನು ಕಂಡಿರಲಿಲ್ಲ.

"ಹಂಗಾದ್ರೆ ಇನ್ನೊಂದಾಟ," ಎಂದ. ತನ್ನ ಬದಿಗೆ ತಿರುಗಿದ. "ಈ ಸಲ ಮರೀಬೇಡಿ."

"ಮರೆಯಲ್ಲ. ಆಮೇಲೆ ಅಳ್ತಾ ಕೂರಬೇಡಿ."

ಅವಳು ಮರೆಯಲಿಲ್ಲ. ಮುದುಕನ ಕೋಲು ಮೊದಲ ಆಟದಲ್ಲಿ ಹುಡುಗಿಯನ್ನು ಗಾಳಿಯಲ್ಲೇ ತಡೆದು ಮರಳಿಗೆ ಒಗೆಯಿತು. ಎರಡನೆಯದರಲ್ಲಿ ಅವಳನ್ನು ಮೂಲೆಗೆ ಅಟ್ಟಿ ಉಸಿರಾಡಲೂ ಬಿಡಲಿಲ್ಲ. ಸೋಲಿನ ಮೇಲೆ ಸೋಲು ಬಂದು ಬಿದ್ದಂತೆಲ್ಲ ಹೊರಿಗುಚಿಯ ಭುಜ ಸಡಿಲವಾಯಿತು. ದೂರದಲ್ಲೆಲ್ಲೋ ಹಡಗು ಕೂಗುತ್ತಿತ್ತು. ಈ ಕೋಣೆಯೇ ಹಗ್ಗ ಬಿಚ್ಚಿಕೊಂಡು ಮೆಲ್ಲಗೆ ಸಮುದ್ರದ ಮೇಲೆ ತೇಲಿ ಹೊರಟಂತೆ ಅವನಿಗನ್ನಿಸಿತು. ತೇಲಲಿ ಎಂದುಕೊಂಡ. ಒಂದು ಸಲ ಕಿರುಬೆರಳು ತಾನಾಗಿಯೇ ಮಡಚಿಕೊಂಡಿತು. ಅವನು ಅದರ ಕಡೆ ನೋಡಲಿಲ್ಲ, ನೋಡಿದರೆ ನಾಚಿಕೊಂಡೀತು ಎಂಬಂತೆ.

ಎಷ್ಟು ಆಟ ಸೋತನೋ ಲೆಕ್ಕ ತಪ್ಪಿದ ಮೇಲೆ ಎಡಗೈ ದಣಿಯಿತು. ತೊಡೆಯ ಮೇಲಿಟ್ಟುಕೊಂಡು ಕೂತ. ಆಚೆ ಬದಿಯ ಸದ್ದೂ ನಿಂತಿತು. ಕುರ್ಚಿ ಕಿರ್ರೆಂದಿತು. ಸುಮಿ ಎದ್ದಳು, ಮನೆಗೆ ಹೊರಟಳು ಎಂದುಕೊಂಡ. ಅವಳು ಸಾಲನ್ನು ಸುತ್ತಿ ಬಂದು, ಪಕ್ಕದ ಕುರ್ಚಿ ಎಳೆದುಕೊಂಡು ಅವನ ಬದಿಯಲ್ಲಿ ಕೂತಳು. ಮೈಯಿಂದ ಗಂಜಿ ಹಾಕಿದ ಬಟ್ಟೆಯ ಕಮಟು ಬರುತ್ತಿತ್ತು.

"ಈ ಕಡೆಯಿಂದ ಹಿಂಗೆ ಕಾಣುತ್ತಾ?" ಎಂದಳು.

"ಹೂಂ."

ಯಾರೂ ಆಡಿಸದಿದ್ದರೆ ಯಂತ್ರ ತನ್ನಷ್ಟಕ್ಕೆ ತಾನೇ ಒಂದೊಂದು ದೃಶ್ಯ ತೋರಿಸುತ್ತದೆ. ಖಾಲಿ ದಂಡೆಯೊಂದು ಬಂತು, ಅಲೆ ಬಂದು ಹೋಯಿತು. ಪರದೆ ಒಂದು ಗಳಿಗೆ ಕಪ್ಪಾದಾಗ ಆ ಗಾಜಿನೊಳಗೆ ವಯಸ್ಸಾದ ಎರಡು ಮುಖಗಳು ಒಂದರ ಪಕ್ಕ ಒಂದು ತೇಲಿ ನಿಂತವು.