ಎರಡನೇ ಬ್ರೇಕ್

ನಮ್ಮ ಕಾರಿನಲ್ಲಿ ಎರಡು ಬ್ರೇಕ್ ಇವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ನನ್ನ ಕಾಲಡಿ. ಡ್ರೈವಿಂಗ್ ಸ್ಕೂಲಿನ ಕಾರು ಅಂದಮೇಲೆ ಅದು ಇರಲೇಬೇಕು. ಊರಿನ ಅರ್ಧ ಜನ ಇವತ್ತು ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದರೆ ಅದಕ್ಕೆ ಕಾರಣ ಆ ಎರಡನೇ ಬ್ರೇಕು ಮತ್ತು ನನ್ನ ಬಲಗಾಲು ಎಂದು ಯಾರೆದುರು ಬೇಕಾದರೂ ಹೇಳುತ್ತೇನೆ. ಹೇಳಿದ್ದೇನೆ ಕೂಡ. ಕೇಳಿ ಕೇಳಿ ಕೆಲವರಿಗೆ ತಲೆ ಚಿಟ್ಟು ಹಿಡಿದಿದೆ.

ನನ್ನ ಮಗಳಿಗೆ ಮಾತ್ರ ಆ ಬ್ರೇಕ್ ಕಂಡರೆ ಆಗದು. ಅವಳು ನನ್ನ ಪಕ್ಕದಲ್ಲಿ ಕೂತು ಕಲಿಯಲು ಶುರುಮಾಡಿ ಕೆಲವು ದಿನಗಳಾಗಿತ್ತು. ನಾಲ್ಕು ರಸ್ತೆ ಸೇರುವ ಕಡೆ, ಔಷಧಿ ಅಂಗಡಿಯ ಎದುರು, ಎಡಗಡೆಯಿಂದ ಒಂದು ವ್ಯಾನು ಬರುತ್ತಿತ್ತು. ದೂರದಲ್ಲಿತ್ತು, ಒಪ್ಪುತ್ತೇನೆ. ಆದರೆ ವ್ಯಾನು ವ್ಯಾನೇ. ಒತ್ತಿಬಿಟ್ಟೆ. ಕಾರು ಗಕ್ಕನೆ ನಿಂತಿತು, ಹಿಂದಿನವರೆಲ್ಲ ಹಾರ್ನ್ ಬಾರಿಸಿದರು. ಮಗಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು, ಹ್ಯಾಂಡ್‌ಬ್ರೇಕ್ ಎಳೆದಳು, ಕನ್ನಡಿ ನೋಡಿಯೇ ಬಾಗಿಲು ತೆಗೆದಳು. ಎಲ್ಲ ನಾನು ಕಲಿಸಿದ ಹಾಗೇ. ಆಮೇಲೆ ಕೀ ಬಾನೆಟ್ ಮೇಲಿಟ್ಟು ಮನೆಯ ದಾರಿ ಹಿಡಿದಳು.

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: "ನನಗೆ ಕೆಲಸಕ್ಕೆ ಲೈಸೆನ್ಸ್ ಬೇಕು. ಎದುರುಗಡೆ ಸ್ಕೂಲಿಗೆ ಸೇರ್ತೀನಿ."

ಅವಳು ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ಹೊಸ ಕೆಲಸ ಸಿಕ್ಕಿತ್ತು, ಅದಕ್ಕೆ ಕಾರು ಓಡಿಸಲು ಬರಲೇಬೇಕಿತ್ತು. ಎದುರುಗಡೆ ಸ್ಕೂಲು ಅಂದರೆ ನಮ್ಮ ಆಫೀಸಿನ ಕಿಟಕಿಗೆ ಸರಿಯಾಗಿ ಎದುರಿಗಿರುವ ಹಳದಿ ಬೋರ್ಡಿನ ಅಂಗಡಿ. 'ನಗುನಗುತ್ತಾ ಕಲಿಯಿರಿ' ಎಂದು ಬರೆಸಿಕೊಂಡಿದ್ದಾರೆ. ಅದರ ಮಾಲೀಕ ದಿನಾ ಬೆಳಿಗ್ಗೆ ನನಗೆ ಕೈ ಬೀಸುತ್ತಾನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ನನ್ನ ಕಣ್ಣೆದುರೇ, ಅವನ ಕಾರು ಹತ್ತುವುದು! ಮಾನ ಮರ್ಯಾದೆಯ ಮಾತು ಹಾಗಿರಲಿ. ಅವಳಿಗೆ ನಡೆಯಲು, ಈಜಲು, ಸೈಕಲ್ಲು ತುಳಿಯಲು ಕಲಿಸಿದವಳು ನಾನು. ಅದೆಲ್ಲ ಯಾವ ತಾಯಿಯಾದರೂ ಕಲಿಸಬಹುದು. ನನ್ನ ಕಸುಬು ಎಂದು ನನ್ನ ಹತ್ತಿರ ಇದ್ದದ್ದು ಇದೊಂದೇ, ಅದನ್ನೇ ಬೇಡ ಅಂದಳು. ನನಗೆ ತುಂಬ ನೋವಾಯಿತು.

ನಮ್ಮ ಯಜಮಾನರು ಆಫೀಸಿನಲ್ಲಿ ಫೋನು ನೋಡಿಕೊಳ್ಳುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. "ನಾನು ನಿನ್ನ ಹತ್ರ ಕಲೀಲಿಲ್ಲ ನೋಡು, ಅದಕ್ಕೇ ನಮ್ಮ ಸಂಸಾರ ಇಲ್ಲೀತನಕ ಬಂದಿದೆ" ಎಂದು ಮಜ್ಜಿಗೆ ಬಗ್ಗಿಸಿಕೊಂಡರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಓಡಾಡುವ ಮನುಷ್ಯನಿಗೆ ಮಾತಿಗೇನು ಬರ.

"ಇನ್ನೊಂದು ಅವಕಾಶ ಕೊಡು" ಅಂದೆ ನಾನು. ಅಂಗಲಾಚಲಿಲ್ಲ. ಹೆಚ್ಚುಕಡಿಮೆ ಅಂಗಲಾಚಿದೆ.

ಮಗಳು ನನ್ನನ್ನೇ ನೋಡಿದಳು. "ಹಾಗಾದ್ರೆ ಮೊದಲು ನೀನು ನನ್ನ ಹತ್ರ ಕಲಿ. ಮೂರು ತಿಂಗಳು ನನ್ನ ಕ್ಲಾಸಿಗೆ ಬಾ. ಬಾಯಿ ಮುಚ್ಕೊಂಡು ಹೇಳಿದಷ್ಟು ಮಾಡು. ಆಮೇಲೆ ನೋಡೋಣ."

ಅವಳ ಕ್ಲಾಸು ಅಂದರೆ ಬ್ರೆಜಿಲಿಯನ್ ಜಿಯು ಜಿಟ್ಸು, ಒಂದು ಥರದ ಕುಸ್ತಿ. ಕಾಲೇಜಿನ ದಿನಗಳಿಂದ ಕಲಿಯುತ್ತಿದ್ದಾಳೆ, ಈಗ ನೀಲಿ ಬೆಲ್ಟು, ಹೊಸದಾಗಿ ಸೇರುವ ಹೆಂಗಸರಿಗೆ ಅವಳೇ ಪಾಠ ಹೇಳುತ್ತಾಳೆ. ನನಗೆ ಅದರ ಬಗ್ಗೆ ಗೊತ್ತಿದ್ದದ್ದು ಒಂದೇ: ಒಗೆದು ಹಾಕಿದರೆ ಅದಕ್ಕೆ ತೊಡುವ ದಪ್ಪ ಜಾಕೆಟ್ಟು ಎರಡು ದಿನವಾದರೂ ಒಣಗುವುದಿಲ್ಲ.

ಟಯರ್ ಅಂಗಡಿಯ ಮಹಡಿಯ ಮೇಲೆ ಉದ್ದನೆಯ ಹಾಲು. ನೆಲದ ತುಂಬ ಬೂದುಬಣ್ಣದ ಮ್ಯಾಟು. ಕೆಳಗಿನ ರಬ್ಬರಿನ ವಾಸನೆ, ಮೇಲಿನ ಬೆವರಿನ ವಾಸನೆ, ಎರಡರ ಮೇಲೂ ಫಿನಾಯಿಲ್. ಚಪ್ಪಲಿ ಹೊರಗೆ ಬಿಡಬೇಕು, ಉಗುರು ಕತ್ತರಿಸಿರಬೇಕು, ಒಳಗೆ ಕಾಲಿಡುವಾಗ ತಲೆಬಾಗಬೇಕು. ದೊಡ್ಡ ಕೋಚ್ ಹಗಲು ಫ್ರಿಜ್ಜು ರಿಪೇರಿ ಮಾಡುವವರು. ಮಿತಭಾಷಿ. ಮುದುರಿದ ಕಿವಿ, ಬಾಗಿಲಿನಷ್ಟು ಅಗಲ ಭುಜ.

ಮೊದಲ ದಿನ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರು. ನನ್ನಿಂದ ಆಗಲಿಲ್ಲ. ದಿನವಿಡೀ ಕಾರಿನಲ್ಲಿ ಕಾಲು ಚಾಚಿ ಕೂರುವವಳಿಗೆ ಮಂಡಿ ಮಡಚುವುದೆಲ್ಲಿಂದ ಬರಬೇಕು. ಒಂದು ಕಾಲು ಮಡಚಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಮಗಳು ಬಂದು ನನ್ನೆದುರು ನಿಂತಳು.

"ಪರವಾಗಿಲ್ಲ, ಕಾಲು ಚಾಚಿ ಕೂತ್ಕೊಳ್ಳಿ. ನಿಧಾನಕ್ಕೆ ಬರತ್ತೆ."

ಕೂತ್ಕೊಳ್ಳಿ! ಹುಟ್ಟಿದಾಗಿನಿಂದ ನನ್ನನ್ನು 'ನೀನು, ಬಾ, ಹೋಗು' ಎನ್ನುವ ಹುಡುಗಿ. ನಗು ಬಂತು, ಸ್ವಲ್ಪ ಹೆದರಿಕೆಯೂ ಆಯಿತು.

ಈ ಆಟದಲ್ಲಿ ಹೊಡೆಯುವಂತಿಲ್ಲ, ಒದೆಯುವಂತಿಲ್ಲ. ನೆಲಕ್ಕೆ ಕೆಡವಿ, ಮೇಲೆ ಹತ್ತಿ, ಕೈ ತಿರುಚಬೇಕು, ಇಲ್ಲವೇ ಅವರದೇ ಕಾಲರಿನಿಂದ ಕತ್ತು ಹಿಚುಕಬೇಕು. ಸಿಕ್ಕಿಬಿದ್ದವರು ಇನ್ನು ತಾಳಲಾರೆ ಅನ್ನಿಸಿದಾಗ ಎದುರಾಳಿಯ ಮೈಮೇಲೋ ಮ್ಯಾಟಿನ ಮೇಲೋ ಪಟಪಟನೆ ತಟ್ಟಿದರಾಯಿತು. ತಟ್ಟಿದ ಕ್ಷಣವೇ ಬಿಟ್ಟುಬಿಡುತ್ತಾರೆ. ಎದ್ದು ಕೈಕುಲುಕಿ ಮತ್ತೆ ಶುರು. ಇಡೀ ಆಟ ನಿಂತಿರುವುದು ಆ ತಟ್ಟುವಿಕೆಯ ಮೇಲೆ, ಅದರಲ್ಲಿ ಅವಮಾನವಿಲ್ಲ ಎಂದು ಮಗಳು ಹೇಳಿದಳು.

ನನಗೆ ಅವಮಾನದ ಯೋಚನೆಯೇ ಇರಲಿಲ್ಲ. ನಾನು ಧಾರಾಳವಾಗಿ ತಟ್ಟಿದೆ. ನನ್ನ ಜೊತೆಗೆ ಬಿದ್ದವರು ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸು, ಪಿಸುಮಾತಿನಲ್ಲೇ ಮಾತಾಡುವವರು. ಅವರು ನನ್ನ ಕಾಲರ್ ಹಿಡಿದರು, ಮುಂದೆ ಏನಾಗುತ್ತದೆಂದು ನನಗೆ ಕಾಣಿಸಿತು, ತಟ್ಟಿದೆ. ಮಂಡಿ ನನ್ನ ಹೊಟ್ಟೆಯ ಕಡೆ ಬಂತು, ತಟ್ಟಿದೆ. ಒಮ್ಮೆ ಅವರು ಕೂದಲು ಕಟ್ಟಿಕೊಳ್ಳಲು ಕೈ ಎತ್ತಿದಾಗಲೂ ತಟ್ಟಿದೆ.

ದೊಡ್ಡ ಕೋಚ್ ಬಹಳ ಹೊತ್ತು ನೋಡಿ ಹೇಳಿದರು: "ಮೇಡಂ, ನೀವು ಅಪಘಾತ ಆಗೋಕ್ಕೆ ಮುಂಚೆನೇ ಆಸ್ಪತ್ರೆಗೆ ಹೋಗ್ತಿದೀರಿ."

ಇದಕ್ಕಿಂತ ದೊಡ್ಡ ರಗಳೆ ನನ್ನ ಬಾಯಿಯದು. ಎದುರಾಳಿ ತಪ್ಪು ಮಾಡುವುದು ಕಂಡರೆ ನನಗೆ ತಡೆಯಲಾಗದು. "ಎಡಗೈ ಒಳಗಿಡಿ, ಈಗ ಸಿಕ್ಕಿಹಾಕಿಕೊಳ್ತೀರಿ" ಎಂದು ಲೈಬ್ರರಿಯವರಿಗೆ ಅವರ ಕೆಳಗೆ ಬಿದ್ದುಕೊಂಡೇ ಹೇಳಿದೆ. ಅವರು "ಥ್ಯಾಂಕ್ಸ್" ಎಂದು ಪಿಸುಗುಟ್ಟಿ, ಎಡಗೈ ಒಳಗಿಟ್ಟು, ನನ್ನ ಕತ್ತು ಹಿಚುಕಿದರು. ತನ್ನನ್ನು ಸೋಲಿಸುವುದು ಹೇಗೆಂದು ಎದುರಾಳಿಗೆ ಪಾಠ ಹೇಳಿದವಳನ್ನು ಆ ಹಾಲಿನಲ್ಲಿ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲವಂತೆ. ಬಾಯಿ ತೆರೆದಾಗಲೆಲ್ಲ ಸೀಗಡಿಯ ಹಾಗೆ ಮೈ ಮುದುರಿಕೊಂಡು ಹಾಲಿನ ಆ ತುದಿಯವರೆಗೆ ಹಿಂದಕ್ಕೆ ಜಾರಬೇಕು ಎಂದು ಮಗಳು ಶಿಕ್ಷೆ ಹಾಕಿದಳು. ಆ ತಿಂಗಳು ಮ್ಯಾಟು ಒರೆಸುವ ಅಗತ್ಯವೇ ಬೀಳಲಿಲ್ಲ, ನನ್ನ ಬೆನ್ನೇ ಒರೆಸುತ್ತಿತ್ತು.

ಆದರೂ ಹೋಗುತ್ತಿದ್ದೆ. ಮೊದಮೊದಲು ಹಟಕ್ಕೆ, ಆಮೇಲೆ ಯಾಕೋ ಇಷ್ಟವಾಗಿ. ಲೈಬ್ರರಿಯವರು ಎದೆಯ ಮೇಲೆ ಕೂತಾಗ ತಕ್ಷಣ ತಟ್ಟದೆ ಸುಮ್ಮನೆ ಉಸಿರಾಡಲು ಮಗಳು ಹೇಳಿಕೊಟ್ಟಳು. "ಭಾರ ಅಷ್ಟೆ. ನೋವಲ್ಲ. ಎರಡಕ್ಕೂ ವ್ಯತ್ಯಾಸ ಇದೆ, ನೋಡ್ಕೊಳ್ಳಿ." ನೋಡಿಕೊಂಡೆ. ನಿಜವಾಗಿಯೂ ಇತ್ತು. ಆ ಭಾರದ ಕೆಳಗೆ ಬಿದ್ದುಕೊಂಡು ನೋಡಿದರೆ ಒಂದು ಮೊಣಕೈ ಹಿಡಿಯುವಷ್ಟು ಜಾಗ ಎಲ್ಲೋ ಇರುತ್ತಿತ್ತು. ಒಂದು ದಿನ ಆ ಜಾಗದಿಂದ ಹೇಗೋ ನುಸುಳಿ ಹೊರಗೆ ಬಂದೆ. ಲೈಬ್ರರಿಯವರು ಚಪ್ಪಾಳೆ ತಟ್ಟಿದರು. ಮಗಳು ತಿರುಗಿ ನಿಂತು ತನ್ನ ಬೆಲ್ಟು ಬಿಗಿ ಮಾಡಿಕೊಂಡಳು. ನಗುತ್ತಿದ್ದಳು, ನನಗೆ ಬೆನ್ನು ನೋಡಿದರೇ ಗೊತ್ತಾಗುತ್ತದೆ.

ಕಾರಿನಲ್ಲೂ ಸ್ವಲ್ಪ ಬದಲಾವಣೆ ಬಂತು. ನನ್ನ ಹತ್ತಿರ ಕಲಿಯುತ್ತಿದ್ದ ದರ್ಜಿಯೊಬ್ಬರು ಒಂದು ಬೆಳಿಗ್ಗೆ ಮೂಲೆ ತಿರುಗಿಸಿ, ಕಾರು ಬದಿಗೆ ನಿಲ್ಲಿಸಿ, "ಮೇಡಂ, ಬ್ರೇಕ್ ಒತ್ತಲೇ ಇಲ್ವಲ್ಲ, ಹುಷಾರಿದೀರಾ?" ಎಂದು ಕೇಳಿದರು.

ಹಾಗಂತ ನಾನೇನು ಪೂರ್ತಿ ಸುಧಾರಿಸಿದೆ ಅಂದುಕೊಳ್ಳಬೇಡಿ. ಮೂರು ತಿಂಗಳು ಮುಗಿಯಲು ಒಂದು ವಾರವಿತ್ತು. ಭಾನುವಾರ ಪಂದ್ಯಾವಳಿ, ಮಗಳು ಅದಕ್ಕಾಗಿ ಅಭ್ಯಾಸ ಮಾಡುತ್ತಿದ್ದಳು. ನಾನು ಗೋಡೆಗೊರಗಿ ನೋಡುತ್ತಿದ್ದೆ. ಅವಳ ಕೈ ಹೊರಗೆ ಬಂತು. "ಕೈ!" ಎಂದು ಕಿರುಚಿಬಿಟ್ಟೆ. ಇಡೀ ಹಾಲು ನಿಂತಿತು. ಮಗಳು ಬೆಚ್ಚಿ ಕೈ ಎಳೆದುಕೊಂಡಳು, ಆ ಗಡಿಬಿಡಿಯಲ್ಲೇ ಸಿಕ್ಕಿಬಿದ್ದು ಸೋತಳು.

ಮೆಟ್ಟಿಲು ಇಳಿಯುವಾಗ ಹೇಳಿದಳು, ಕೋಪವಿಲ್ಲದೆ: "ಸೋಮವಾರದಿಂದ ಎದುರುಗಡೆ ಸೇರ್ತೀನಮ್ಮ. ನಿನ್ನ ಮೇಲೆ ಸಿಟ್ಟಿಲ್ಲ. ಕೈ ಬೇಕು ಅಂತಾನೇ ಹೊರಗೆ ಬಿಟ್ಟಿದ್ದೆ, ಬಲೆ ಅದು."

ಸಿಟ್ಟಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಆ ವಾರ ಎದುರಿನವನು ಕೈ ಬೀಸಿದಾಗಲೆಲ್ಲ ನಾನು ಪರದೆ ಎಳೆದೆ.

ಭಾನುವಾರ ಶಾಲೆಯೊಂದರ ಕ್ರೀಡಾಂಗಣದಲ್ಲಿ ಪಂದ್ಯ. ಯಜಮಾನರೂ ಬಂದಿದ್ದರು, ಕಿಟಕಿ ಇಲ್ಲವೆಂದು ಗೊಣಗುತ್ತ. ಪ್ರತಿ ಮ್ಯಾಟಿನ ಪಕ್ಕ ಒಂದು ಕುರ್ಚಿ. ಅದರಲ್ಲಿ ಆಟಗಾರರ ಕಡೆಯವರೊಬ್ಬರು ಟವೆಲ್ ಹಿಡಿದು ಕೂರುತ್ತಾರೆ. ತಮ್ಮವರಿಗೆ ಅಪಾಯ ಅನ್ನಿಸಿದರೆ ಆ ಟವೆಲ್ ಮ್ಯಾಟಿನ ಮೇಲೆ ಎಸೆಯಬಹುದು, ಪಂದ್ಯ ಅಲ್ಲಿಗೇ ನಿಲ್ಲುತ್ತದೆ, ಸೋಲು ಒಪ್ಪಿಕೊಂಡ ಹಾಗೆ. ಮಗಳ ಕುರ್ಚಿಯಲ್ಲಿ ದೊಡ್ಡ ಕೋಚ್ ಕೂರಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಆ ಕಡೆಯ ಮ್ಯಾಟಿನಲ್ಲಿ ಲೈಬ್ರರಿಯವರ ಹೆಸರು ಕೂಗಿದರು. ಕೋಚ್ ಸುತ್ತ ನೋಡಿ ಟವೆಲ್ಲನ್ನು ನನ್ನ ಕೈಗೆ ತುರುಕಿದರು. "ಮೇಡಂ, ನೀವೇ ಕೂತ್ಕೊಳ್ಳಿ."

ಮಗಳು ಇದನ್ನು ನೋಡಿ ಮ್ಯಾಟಿನ ಅಂಚಿನಲ್ಲೇ ನಿಂತಳು. ಅವಳ ಮುಖ ಬಾಡಿತು. ಏನೋ ಹೇಳಲು ಬಾಯಿ ತೆರೆದಳು, ರೆಫರಿ ಕರೆದರು, ಹೋದಳು.

ಟವೆಲ್ ಕೈಯಲ್ಲಿದ್ದರೆ ನಾನು ಎಸೆಯುತ್ತೇನೆ. ನನ್ನ ಕೈ ನನಗೆ ಗೊತ್ತಿಲ್ಲವೇ. ಅದನ್ನು ಮಡಚಿ ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂತೆ.

ಶುರುವಿನಲ್ಲಿ ಮಗಳೇ ಮುಂದಿದ್ದಳು. ಚೆನ್ನಾಗಿ ಕೆಡವಿದಳು, ಮೇಲೂ ಹತ್ತಿದಳು. ಆಮೇಲೆ ಎದುರಾಳಿ ಹುಡುಗಿ ಕೆಳಗಿನಿಂದಲೇ ತಿರುಗಿ, ಮಗಳನ್ನು ಮಗುಚಿ, ಅವಳ ಎದೆಯ ಮೇಲೆ ಎರಡೂ ಕಾಲು ಹಾಕಿ, ಅವಳ ಬಲಗೈಯನ್ನು ತಬ್ಬಿಕೊಂಡು ಹಿಂದಕ್ಕೆ ಬಾಗತೊಡಗಿದಳು. ಕೈ ನೆಟ್ಟಗಾಗುತ್ತ ಬಂತು. ಇಲ್ಲಿಗೇ ನಿಲ್ಲದಿದ್ದರೆ ಮುರಿಯುವುದು ಮೊಣಕೈಯೇ. ಆ ಕೈಯಿಂದಲೇ ಅವಳು ನಾಳೆ ಯಾರದೋ ಹುಣ್ಣು ತೊಳೆಯಬೇಕು.

ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಎಷ್ಟು ಒತ್ತಿದೆನೆಂದರೆ ಕುರ್ಚಿ ಹಿಂದಕ್ಕೆ ಸರಿಯಿತು. ಹಿಂದಿನಿಂದ ಯಜಮಾನರು "ಲೇ" ಅಂದರು. ನಾನು ತುಟಿ ಕಚ್ಚಿಕೊಂಡು, ಉಸಿರಾಡಿಕೊಂಡು, ಟವೆಲ್ಲಿನ ಮೇಲೆ ಕೂತೇ ಇದ್ದೆ.

ಹೊಸದಾಗಿ ಕಲಿಯುವವರೆಲ್ಲ ಬ್ರೇಕ್ ಹಿಡಿಯುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾರೆ. ಮಗಳು ನೋಡಲಿಲ್ಲ. ಸೂರು ನೋಡುತ್ತಿದ್ದಳು, ಲೆಕ್ಕ ಹಾಕುವವರ ಹಾಗೆ. ಹೆಬ್ಬೆರಳು ತಿರುಗಿಸಿದಳು, ಆಗಲಿಲ್ಲ. ಭುಜ ಒಳಗೆ ತೂರಿಸಲು ನೋಡಿದಳು, ಆಗಲಿಲ್ಲ. ಇನ್ನೂ ಒಂದು ಗಳಿಗೆ ತಡೆದಳು. ಆಮೇಲೆ ಎಡಗೈಯಿಂದ ಆ ಹುಡುಗಿಯ ಕಾಲನ್ನು ಪಟಪಟನೆ ತಟ್ಟಿದಳು. ಹುಡುಗಿ ಬಿಟ್ಟಳು. ಇಬ್ಬರೂ ಕೂತು ನಕ್ಕರು, ತಬ್ಬಿಕೊಂಡರು. ಮಗಳು ಮೊಣಕೈ ಮಡಚಿ ಬಿಡಿಸಿ ನೋಡಿಕೊಂಡಳು. ಏನೂ ಆಗಿರಲಿಲ್ಲ.

ಸೋತವಳು ನನ್ನ ಹತ್ತಿರ ಬಂದಳು, ಮುಖದ ತುಂಬ ಬೆವರು. "ಟವೆಲ್ ಎಲ್ಲಮ್ಮ?"

"ಅದರ ಮೇಲೆ ಕೂತಿದೀನಿ."

ನನ್ನನ್ನು, ಕುರ್ಚಿಯನ್ನು, ಅದು ಸರಿದು ಬಂದಿದ್ದ ದೂರವನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತಳು. ನಾನು ಎದ್ದು ಟವೆಲ್ ಕೊಟ್ಟೆ. ಬೆಚ್ಚಗಿತ್ತು, ಮುದ್ದೆಯಾಗಿತ್ತು. ಅದರಲ್ಲೇ ಮುಖ ಒರೆಸಿಕೊಂಡಳು.

ಹೊರಗೆ ನಮ್ಮ ಸ್ಕೂಲಿನ ಕಾರು ನಿಂತಿತ್ತು. ನಾನು ಎಂದಿನಂತೆ ಓಡಿಸುವ ಕಡೆಗೆ ಹೊರಟೆ. ಮಗಳು ಅಡ್ಡ ಬಂದು ಕೈ ಚಾಚಿದಳು. "ಕೀ ಕೊಡು."

ಕೊಟ್ಟೆ. ಮಾತಾಡಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ತುಟಿ ಪಿಟಕ್ಕೆನ್ನಲಿಲ್ಲ. ಯಜಮಾನರು ಹಿಂದೆ ಹತ್ತಿ ಕಿಟಕಿ ಇಳಿಸಿಕೊಂಡರು. ಕಲಿಯುವವರ ಪಕ್ಕದ ಸೀಟು ನನ್ನದೇ, ಕಾನೂನೇ ಹಾಗಿದೆ. ಕೂತೆ. ಕಾಲಡಿ ಬ್ರೇಕು ಎಂದಿನ ಜಾಗದಲ್ಲೇ ಇತ್ತು, ನನ್ನ ಪಾದದ ಅಳತೆಗೆ ಸವೆದು ಹೊಳೆಯುತ್ತಿತ್ತು.

ಚಪ್ಪಲಿ ಬಿಟ್ಟೆ. ಎಡಗಾಲು ಮಡಚಿದೆ, ಬಲಗಾಲು ಅದರ ಮೇಲೆ ಮಡಚಿದೆ. ಎರಡೂ ಬಂದವು. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೆಲ್ಟು ಎಳೆದುಕೊಂಡೆ.

ಮಗಳು ನನ್ನ ಕಾಲುಗಳನ್ನು ನೋಡಿದಳು. ಕನ್ನಡಿ ಸರಿಮಾಡಿಕೊಂಡು ಹೊರಟಳು.

ಔಷಧಿ ಅಂಗಡಿಯ ನಾಲ್ಕು ರಸ್ತೆ ಬಂತು. ಬಲಗಡೆಯಿಂದ ಬಸ್ಸು. ನಾನಾಗಿದ್ದರೆ ಆ ದೀಪದ ಕಂಬದ ಹತ್ತಿರವೇ ಒತ್ತಿರುತ್ತಿದ್ದೆ. ಕಂಬ ದಾಟಿತು. ನನ್ನ ಕಾಲು ಇಳಿಯಲಿಲ್ಲ. ಮಗಳು ಬ್ರೇಕ್ ಹಿಡಿದಳು, ಸ್ವಲ್ಪ ತಡವಾಗಿ, ಸ್ವಲ್ಪ ಜೋರಾಗಿ. ಕಾರು ಗೆರೆಯ ಈಚೆ ನಿಂತಿತು. ಬಸ್ಸು ಹೋಯಿತು.

"ಇವಳು ಮಾತೇ ಆಡ್ತಿಲ್ಲ, ಉಸಿರಿದೆಯಾ ನೋಡು" ಎಂದರು ಹಿಂದಿನಿಂದ ಯಜಮಾನರು.

ಮಗಳು ಗೇರ್ ಹಾಕಿದಳು. ನಮ್ಮ ಬೀದಿ ಬಂತು, ಹಳದಿ ಬೋರ್ಡು ಬಂತು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

"ಅಮ್ಮ, ಇನ್ನಾದ್ರೂ ಕಾಲು ಇಳಿಸ್ಕೋ. ಜೋಮು ಹಿಡಿಯತ್ತೆ."

ಜೋಮು ಆಗಲೇ ಹಿಡಿದಿತ್ತು, ಸೊಂಟದ ಕೆಳಗೆ ನನ್ನದೆನ್ನುವುದು ಏನೂ ಉಳಿದಿರಲಿಲ್ಲ.

"ಮನೆ ಬರಲಿ" ಅಂದೆ.