ತಂಪಣ್ಣನ ಹೆಂಡತಿಯ ಅರೆತಲೆನೋವು

ಗುಜರಿಗೆ ಹೊರಟ ಹಳೆಯ ಏಸಿಗಳನ್ನು ದಾರಿಯಲ್ಲೇ ತಡೆದು, ಬಿಚ್ಚಿ, ತೊಳೆದು, ಗ್ಯಾಸ್ ತುಂಬಿ, ಮತ್ತೆ ಉಸಿರು ಕೊಟ್ಟು ಮಾರುವವನಿಗೆ ಬೀದಿಯವರು ತಂಪಣ್ಣ ಎಂದು ಹೆಸರಿಟ್ಟಿದ್ದರು. ಹೆಸರಿಗೆ ತಕ್ಕ ಹಾಗೆ ಆಸಾಮಿಯ ಸ್ವಭಾವವೂ ತಂಪೇ. ಕುಡಿದವನಲ್ಲ, ಗಟ್ಟಿಯಾಗಿ ಬೈದವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅಕ್ಕಪಕ್ಕದ ಹೆಂಗಸರು ಅವಳಿಗೆ ಹೇಳುತ್ತಲೇ ಇರುತ್ತಿದ್ದರು. ಆ ಪುಣ್ಯ ಎಷ್ಟು ಡಿಗ್ರಿಯದು ಎಂಬುದು ಮಾತ್ರ ಅವಳ ತಲೆಯ ಎಡಭಾಗಕ್ಕೆ ಗೊತ್ತಿತ್ತು.

ತಂಪಣ್ಣನ ವ್ಯಾಪಾರಕ್ಕೆ ಒಂದು ಪದ್ಧತಿಯಿತ್ತು. ಮಲಗುವ ಕೋಣೆಯ ಗೋಡೆಯಲ್ಲಿ ಕಿಟಕಿ ಏಸಿ ಕೂರುವಷ್ಟು ಅಗಲದ ಕಿಂಡಿ ಕೊರೆದು, ಸುತ್ತ ಮರದ ಚೌಕಟ್ಟು ಹೊಡೆದಿದ್ದ. ರಿಪೇರಿಯಾದ ಪ್ರತಿ ಮಿಷನ್ನೂ ಮೊದಲು ಆ ಕಿಂಡಿಗೆ ಬರಬೇಕು, ಕೆಲವು ರಾತ್ರಿ ಪೂರ್ತಿ ಜೋರಿನಲ್ಲಿ ಓಡಬೇಕು, ನೀರು ಸೋರದೆ, ಸದ್ದು ಮಾಡದೆ ಪಾಸಾಗಬೇಕು. ಆಮೇಲಷ್ಟೇ ಗಿರಾಕಿಯ ಮನೆಗೆ. "ನನ್ನ ಹೆಂಡತಿ ಅದರ ಕೆಳಗೆ ಮಲಗಿ ಎದ್ದ ಮೇಲೇನೇ ನಾನು ಮಾರೋದು" ಎನ್ನುವುದು ಅವನು ಎಲ್ಲರಿಗೂ ಹೇಳುವ ಮಾತು. ಅದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಕೋಣೆ ಎಷ್ಟು ಚಿಕ್ಕದೆಂದರೆ ಒಂದು ಗೋಡೆಗೆ ಬಾಗಿಲು, ಇನ್ನೊಂದಕ್ಕೆ ಬೀರು. ಮಂಚದ ತಲೆದಿಂಬು ಕಿಂಡಿಯ ಕೆಳಗೇ ಬರಬೇಕು. ಮಿಷನ್ನಿನ ಮೊದಲ ಉಸಿರು ಬೀಳುತ್ತಿದ್ದದ್ದು ಅವಳ ಹಣೆಯ ಮೇಲೆ. ದಿನವಿಡೀ ತಾರಸಿಗಳ ಮೇಲೆ ಬೆಂದು ಬರುವ ತಂಪಣ್ಣ, ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಕೊರಡಿನಂತೆ ಬಿದ್ದುಕೊಳ್ಳುತ್ತಿದ್ದ.

"ಈ ವಾರ ಯಾವ ಕಂಪನಿ ಗಾಳಿ ಅಕ್ಕಾ?" ಎಂದು ಬೇಕರಿಯ ಹೆಂಗಸರು ಅವಳನ್ನು ರೇಗಿಸುತ್ತಿದ್ದರು.

ಬೇಕರಿಯೇ ಅವಳ ನಿಜವಾದ ಮನೆ. ಹಿಟ್ಟು ನಾದುವುದರಿಂದ ಶುರುಮಾಡಿ, ಟ್ರೇ ಹೊತ್ತು, ಬನ್ನಿಗೆ ಎಣ್ಣೆ ಸವರಿ, ಕೊನೆಗೆ ಭಟ್ಟಿಯ ಬಾಯಿಗೇ ಒಡತಿಯಾಗಿದ್ದಳು. ಇಟ್ಟಿಗೆಯ ದೊಡ್ಡ ಭಟ್ಟಿ, ಸೌದೆಯ ಬೆಂಕಿ. ಒಳಗೆ ಒಂದು ಚಿಟಿಕೆ ಮೈದಾ ಎಸೆದು, ಅದು ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡಿ, ಬ್ರೆಡ್ಡಿಗೆ ಈಗ, ರಸ್ಕಿಗೆ ಇನ್ನೂ ಸ್ವಲ್ಪ ಹೊತ್ತು ಎಂದು ಹೇಳುವವಳು ಅವಳೇ. ಉದ್ದ ಹಿಡಿಯ ಸಲಿಕೆ ಅವಳ ಕೈಯಲ್ಲಿದ್ದಾಗ ಮಾಲೀಕನೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ. ಎಲ್ಲರೂ ಅವಳನ್ನು ಭಟ್ಟಿ ಅಕ್ಕ ಎನ್ನುತ್ತಿದ್ದರು. ತಂಪಣ್ಣನ ಹೆಂಡತಿ ಭಟ್ಟಿ ಅಕ್ಕ! ದೇವರಿಗೂ ತಮಾಷೆ ಗೊತ್ತು ಎಂದು ಅತ್ತೆ ನಗುತ್ತಿದ್ದರು.

ಆ ಬೇಸಿಗೆಯಲ್ಲಿ ತಲೆನೋವು ಶುರುವಾಯಿತು. ಬೆಳಿಗ್ಗೆ ಏಳುವಾಗಲೇ ಕತ್ತು ಮರಗಟ್ಟಿರುತ್ತಿತ್ತು, ಹಣೆಗೆ ಯಾರೋ ಒದ್ದೆ ಬಟ್ಟೆ ಬಿಗಿದು ಕಟ್ಟಿದಂತೆ. ಆದರೂ ಎದ್ದು ಬೇಕರಿಗೆ ಹೋಗುತ್ತಿದ್ದಳು. ಮೊದಲ ಬ್ರೆಡ್ಡು ಭಟ್ಟಿಯಿಂದ ಹೊರಬರುವ ಹೊತ್ತಿಗೆ ಎಡಗಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಮಿನುಗಲು ತೊಡಗುತ್ತಿತ್ತು. ಅದು ಕಂಡಿತೆಂದರೆ ಮುಗಿಯಿತು. ಆಮೇಲೆ ತಲೆಯ ಎಡಗಡೆಗೆ ಒಳಗಿನಿಂದ ಸುತ್ತಿಗೆಯ ಏಟು, ಹೊಟ್ಟೆ ತೊಳೆಸಿ ವಾಂತಿ. ಬ್ರೆಡ್ಡಿನ ಘಮವೇ ವಾಕರಿಕೆ ತರುವ ದಿನ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಹಿಟ್ಟಿನ ಮೂಟೆಗಳ ಹಿಂದೆ ಕತ್ತಲಲ್ಲಿ ಅವಳು ಮುದುರಿಕೊಂಡಾಗ, ಭಟ್ಟಿಯನ್ನು ನೋಡಿಕೊಳ್ಳುತ್ತಿದ್ದದ್ದು ಅವಳ ಓರಗಿತ್ತಿ, ತಂಪಣ್ಣನ ತಮ್ಮನ ಹೆಂಡತಿ. ಆ ಓರಗಿತ್ತಿಯನ್ನು ಬೇಕರಿಗೆ ಸೇರಿಸಿ, ಸಲಿಕೆ ಹಿಡಿಯುವುದನ್ನು ಕಲಿಸಿದವಳೂ ಭಟ್ಟಿ ಅಕ್ಕನೇ.

ನೋಡಿದವರಿಗೆಲ್ಲ ಕಾರಣ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಭಟ್ಟಿಯ ಮುಂದೆ ನಿಂತಾಗ ತಲೆನೋವು ಬರುತ್ತದೆ. ಅಂದಮೇಲೆ ಭಟ್ಟಿಯಿಂದಲೇ ಬರುತ್ತದೆ. ಅವಳು ಅಷ್ಟು ವರ್ಷ ಅದೇ ಬೆಂಕಿಯ ಮುಂದೆ ಸುಖವಾಗಿ ನಿಂತಿದ್ದಳು, ಆದರೆ ಮನೆಯ ಕಿಂಡಿ ಕೊರೆದದ್ದು ಮಾತ್ರ ಹಿಂದಿನ ಬೇಸಿಗೆ ಮುಗಿದ ಮೇಲೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತಂಪಣ್ಣನೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ ಎಲ್ಲ ಕೇಳಿಕೊಂಡು, ಇದು ಮೈಗ್ರೇನು, ಬಿಸಿಲು ಬೆಂಕಿಯ ಝಳ ಕೆಲವರಿಗೆ ಇದನ್ನು ಕೆರಳಿಸುತ್ತದೆ ಎಂದರು. ಅಷ್ಟರಲ್ಲಿ ತಂಪಣ್ಣನ ಫೋನು ಬಡಿದುಕೊಂಡಿತು. ಯಾವುದೋ ಆಫೀಸಿನ ಏಸಿ ನೀರು ಸುರಿಸುತ್ತಿತ್ತಂತೆ. ಎದ್ದು ಹೊರಗೆ ಹೋದ. ಅವನು ಹೋದ ಮೇಲೆ ಡಾಕ್ಟರಮ್ಮ ಮಾತು ಮುಂದುವರಿಸಿ, ಏಸಿಯ ಒಣ ತಣ್ಣನೆ ಗಾಳಿ ನೇರ ತಲೆಗೆ ಬಡಿದರೂ ಕೆಲವರಿಗೆ ಬರುತ್ತದೆ, ಕೆಲವರಿಗೆ ತಂಪಿನಿಂದ ಬಿಸಿಗೆ, ಬಿಸಿಯಿಂದ ತಂಪಿಗೆ ಹಾರುವುದೇ ಆಗಿಬರುವುದಿಲ್ಲ, ನಿಮಗೆ ಯಾವುದೆಂದು ಇಲ್ಲಿ ಕೂತು ನಾನು ಹೇಳಲಾರೆ ಎಂದರು. ನೋವು ಶುರುವಾದ ಕೂಡಲೇ ನುಂಗಲು ಮಾತ್ರೆ ಬರೆದುಕೊಟ್ಟು, ಮೊದಲು ಸುಲಭದ್ದನ್ನು ಬದಲಿಸಿ, ಮಲಗುವ ಜಾಗ ಬದಲಿಸಿ ನೋಡಿ ಎಂದೂ ಹೇಳಿದರು.

ದಾರಿಯಲ್ಲಿ ಅವಳು ಇದನ್ನೆಲ್ಲ ಹೇಳಿದಳು. ತಂಪಣ್ಣ ಗಾಡಿ ನಿಲ್ಲಿಸಿಯೇ ಬಿಟ್ಟ.

"ನಾನಿದ್ದಾಗ ಬೆಂಕಿ ಅಂದ್ರು. ನಾನು ಎದ್ದು ಹೋದ ತಕ್ಷಣ ಏಸಿ ಅಂದ್ರಾ?"

"ಎರಡೂ ಇರಬಹುದು ಅಂದ್ರು ರೀ. ಅದಕ್ಕೇ ಒಂದು ಸ್ವಲ್ಪ ದಿನ ನಾನು ಅತ್ತೆ ಕೋಣೇಲಿ ಮಲಗ್ತೀನಿ."

"ನಾನು ಸುಡೋ ತಗಡಿನ ಮೇಲೆ ನಿಂತು ಕೆಲಸ ಮಾಡ್ತೀನಿ, ನನ್ನ ತಲೆಗೆ ಏನೂ ಆಗಲ್ಲ. ನಾನು ಕೊಡೋ ತಂಪು ನಿನ್ನ ತಲೆಗೆ ಹೊಡೀತಾ?" ಎಂದ. ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ಬೈದಿದ್ದರೆ ಅವಳು ಜಗಳವಾಡಬಹುದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ ಆ ಮಿಷನ್ನುಗಳು ಅವನ ಕೈಕೂಸುಗಳು. ಜೊತೆಗೆ ಬೇಸಿಗೆಯ ಭರಾಟೆ. ತಂಪಣ್ಣನ ಏಸಿ ಕೆಳಗೆ ಅವನ ಹೆಂಡತಿಯೇ ಮಲಗುವುದಿಲ್ಲವಂತೆ ಎಂಬ ಸುದ್ದಿ ಬೀದಿಗೆ ಬಿದ್ದರೆ ಗತಿಯೇನು? ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮನೆಯಲ್ಲಿ ಪಂಚಾಯಿತಿ ನಡೆಯಿತು. ಅತ್ತೆ, ಮೈದುನ, ಓರಗಿತ್ತಿ ಎಲ್ಲರೂ ಒಂದೇ ಮಾತು. ಒಂದು ತಿಂಗಳು ಭಟ್ಟಿ ಬಿಡು, ಓರಗಿತ್ತಿ ನೋಡಿಕೊಳ್ಳುತ್ತಾಳೆ, ಮನೆಯಲ್ಲಿ ತಣ್ಣಗೆ ಮಲಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ಅವಳು ಗೊಣಗಿದಳು. ಅತ್ತೆಗೆ ಕಿವಿ ಮಂದವಾದರೂ ಇಂಥವು ಚೆನ್ನಾಗಿ ಕೇಳಿಸುತ್ತಿದ್ದವು.

"ಎಮ್ಮೆ ಯಾರಮ್ಮ ಇಲ್ಲಿ? ನನ್ನ ಮಗ ನಿನ್ನನ್ನ ರಾಣಿ ಹಾಗೆ ತಂಪಲ್ಲಿ ಮಲಗಿಸ್ತಾನೆ. ನನ್ನ ಗಂಡ ನಂಗೆ ಒಂದು ಬೀಸಣಿಗೆ ತಂದುಕೊಟ್ಟವರಲ್ಲ."

ಹೀಗೆ ಅವಳು ಭಟ್ಟಿ ಬಿಟ್ಟು ಮನೆಯಲ್ಲಿ ಕೂತಳು. ಕೂತ ಮೊದಲ ವಾರದಲ್ಲೇ, ಬೆಂಕಿಯ ಕಿಡಿಯೂ ಸೋಕದ ಒಂದು ಬೆಳಿಗ್ಗೆ, ಮಂಚದ ಮೇಲೆ ಕಣ್ಣು ಬಿಡುತ್ತಿದ್ದಂತೆಯೇ ಆ ಗರಗಸದ ಬೆಳಕು ಕಂಡಿತು. ತಲೆ ಸಿಡಿಯುತ್ತಿದ್ದರೂ ಅವಳಿಗೆ ಒಳಗೊಳಗೇ ಹಿಗ್ಗು. ಇನ್ನೇನು ಬೇಕು? ಕಳ್ಳ ಮನೆಯೊಳಗೇ ಸಿಕ್ಕಿಬಿದ್ದಿದ್ದ. ವಾಂತಿ ಮಾಡಿಕೊಂಡು ಬಂದು ಬಾಯಿ ಒರೆಸಿಕೊಳ್ಳುತ್ತಾ ನಗುಮುಖದಲ್ಲಿ ಗಂಡನಿಗೆ ಹೇಳಿದಳು: "ನೋಡಿ ರೀ, ಭಟ್ಟಿ ಇಲ್ಲದೇನೂ ಬಂತು."

ತಂಪಣ್ಣ ಅವಳ ಬೆನ್ನು ನೀವಿದ. ಇಷ್ಟು ವರ್ಷ ಮೈಯೊಳಗೆ ಇಳಿದ ಕಾವು ಒಂದು ವಾರದಲ್ಲಿ ಹೋಗುತ್ತದೆಯೇ, ಹಳೆ ಮಿಷನ್ನಿನ ಪೈಪಿನಲ್ಲೂ ಹೀಗೇ, ಗ್ಯಾಸು ಪೂರ್ತಿ ಖಾಲಿಯಾಗಲು ಹೊತ್ತು ಬೇಕು ಎಂದು ಸಮಾಧಾನ ಹೇಳಿ, ಏಸಿಯನ್ನು ಇನ್ನೊಂದಿಷ್ಟು ತಣ್ಣಗೆ ತಿರುಗಿಸಿದ. ಅವಳು ಗೋಡೆಯ ಕಡೆಗೆ ಹೊರಳಿ ಮಲಗಿದಳು. ಹೋಗಲು ಬೇರೆ ಜಾಗವೂ ಇರಲಿಲ್ಲ. ಎದ್ದು ಹೊರಟರೆ ಅತ್ತೆ ಬಾಗಿಲಲ್ಲೇ ತಡೆದು, ಕಾವು ಇರುವ ಮೈ, ತಂಪು ಬಿಟ್ಟು ಏಳಬೇಡ ಎಂದು ವಾಪಸ್ಸು ಕಳಿಸುತ್ತಿದ್ದರು.

ಆಮೇಲೆ ಬಿಸಿಲು ಇನ್ನೂ ಏರಿತು. ಜನ ತಂಪಣ್ಣನ ಮನೆಗೆ ಮುಗಿಬಿದ್ದರು. ಕಿಂಡಿಯಲ್ಲಿ ಕೂತಿದ್ದ ಮಿಷನ್ನೂ, ಜಗಲಿಯಲ್ಲಿ ಸಾಲುಗಟ್ಟಿದ್ದವೂ ಒಂದೂ ಉಳಿಯದೆ ಖಾಲಿಯಾದವು. ಬಿಡಿಭಾಗ ಸಿಗದೆ ಹೊಸದು ತಯಾರಾಗಲಿಲ್ಲ. ತಂಪಣ್ಣ ಕಿಂಡಿಗೆ ಹಲಗೆ ಹೊಡೆದು, ಮೇಲಿನ ಫ್ಯಾನಿನ ಗುಂಡಿ ಒತ್ತಿ, ಸ್ವಲ್ಪ ದಿನ ಅಡ್ಜಸ್ಟ್ ಮಾಡಿಕೊ ಎಂದು ಕೇಳಿಕೊಂಡ. ಅವಳು ಬೆವರಿನಲ್ಲಿ ತೊಯ್ದು, ಮಗುವಿನ ಹಾಗೆ ನಿದ್ದೆ ಹೋದಳು. ಕತ್ತು ಸಡಿಲವಾಯಿತು. ಬೆಳಕು ಬರೀ ಬೆಳಕಾಗಿ ಕಂಡಿತು. ವಾರ ಕಳೆಯಿತು, ಇನ್ನೊಂದು ಕಳೆಯಿತು, ತಲೆ ಅವಳದೇ ತಲೆಯಾಗಿ ಉಳಿಯಿತು.

ಮನೆಮಂದಿಗೆಲ್ಲ ಸಂತೋಷ. ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು: ಭಟ್ಟಿ ಬಿಟ್ಟಳು, ತಲೆನೋವು ಬಿಟ್ಟಿತು. ಗೋಡೆಗೆ ಹಲಗೆ ಹೊಡೆದದ್ದನ್ನು ಅವಳು ನೆನಪಿಸಿದಾಗ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಕ್ಕರು. ಅವಳು ಯೋಚಿಸಿದಳು. ಬೆಂಕಿಯೂ ಇಲ್ಲ, ತಣ್ಣನೆ ಗಾಳಿಯೂ ಇಲ್ಲ; ಹೋದದ್ದು ಯಾವುದರಿಂದ ಎಂದು ಅವಳು ತಾನೇ ಆಣೆ ಮಾಡಿ ಹೇಗೆ ಹೇಳಬೇಕು? ಭಟ್ಟಿಯದೂ ಒಂದು ಪಾಲು ಇದ್ದರೂ ಇರಬಹುದು. ತಿಳಿಯಬೇಕಾದರೆ ಈಗ ಮತ್ತೆ ಬೆಂಕಿಯ ಮುಂದೆ ನಿಂತು ನೋಡಬೇಕು. ಇದಕ್ಕಿಂತ ಒಳ್ಳೆ ಸಮಯ ಬರುವುದಿಲ್ಲ.

ಹೇಳದೆ ಕೇಳದೆ ಬೇಕರಿಗೆ ಹೋದಳು. ಭಟ್ಟಿಯ ಮುಂದೆ ಓರಗಿತ್ತಿ ಸಲಿಕೆ ಹಿಡಿದು ನಿಂತಿದ್ದಳು. ಇವಳನ್ನು ಕಂಡು ತಲೆ ತಗ್ಗಿಸಿ ಟ್ರೇಗಳನ್ನು ಸುಮ್ಮನೆ ಅತ್ತಿತ್ತ ಸರಿಸತೊಡಗಿದಳು. ಮಾಲೀಕ ಕುರ್ಚಿ ಕೊಟ್ಟು, ಚಹಾ ತರಿಸಿ, ಎಲ್ಲವನ್ನೂ ಕೇಳಿಕೊಂಡ. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಕಾಟ ತಾಳುವುದೇ ಕಷ್ಟ.

"ನಿಮ್ಮ ಯಜಮಾನರು ಬಂದಿದ್ರಮ್ಮ. ಡಾಕ್ಟ್ರು ಬೆಂಕಿ ಹತ್ತಿರ ಹೋಗಲೇಬಾರದು ಅಂದಿದ್ದಾರಂತೆ. ಬಿಟ್ಟ ಮೇಲೆ ಪೂರ್ತಿ ಗುಣ ಆಯ್ತಂತೆ. ಹೌದೋ ಅಲ್ವೋ?"

"ಗುಣ ಆಗಿದೆ. ಅದಕ್ಕೇ ವಾಪಸ್ ಬರ್ತೀನಿ ಅಂತಿರೋದು."

"ಗುಣ ಆಗಿದೆ ಅಂದ್ರೆ ಬಿಟ್ಟಿದ್ದರಿಂದ ತಾನೇ? ಮತ್ತೆ ನಿಲ್ಲಿಸಿ ನಿಮ್ಮ ತಲೆ ಕೆಡಿಸೋ ಪಾಪ ನಂಗ್ಯಾಕೆ ತಾಯಿ?"

ತಲೆ ನೋಯುತ್ತಿದ್ದರೆ ಕೆಲಸವಿಲ್ಲ, ನೋಯದಿದ್ದರೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಅವಳು ಚಹಾ ಕುಡಿಯದೆ ಎದ್ದಳು. ಓರಗಿತ್ತಿ ಬಾಗಿಲವರೆಗೆ ಬಂದು ಮೆಲ್ಲಗೆ ಅಂದಳು: "ನಾನು ಕೇಳಲಿಲ್ಲ ಅಕ್ಕ. ಭಾವ ಹೇಳಿದ್ರು, ಮಾಲೀಕರು ಕೊಟ್ರು." ಹಿಂದಿರುಗಿ ಭಟ್ಟಿಯತ್ತ ನೋಡಿ, "ನಂಗೂ ಬೇಕಾಗಿತ್ತು" ಎಂದೂ ಸೇರಿಸಿದಳು. ಆ ಕಡೆಯ ಮಾತು ನಿಜವಾಗಿದ್ದರಿಂದ ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಸಲಿಕೆ ತುಸು ಓರೆಯಾಗಿ ಹಿಡಿಯುತ್ತೀಯ, ಮಣಿಕಟ್ಟು ಹೋದೀತು, ನೆಟ್ಟಗೆ ಹಿಡಿ ಎಂದಷ್ಟೇ ಹೇಳಿ ಹೊರಟುಬಂದಳು.

ಬಿಡಿಭಾಗಗಳು ಬಂದವು. ತಂಪಣ್ಣ ಹಲಗೆ ಕಿತ್ತು, ಒಂದು ದೊಡ್ಡ ಮಿಷನ್ನನ್ನು ಕಿಂಡಿಗೆ ಏರಿಸಿದ. ಎರಡನೆಯ ಬೆಳಿಗ್ಗೆಗೇ ಅವಳ ಕತ್ತು ಮರಗಟ್ಟಿತು. ಅದೇ ಸಂಜೆ ಗಿರಾಕಿ ಬಂದ. ಬಟ್ಟೆ ಅಂಗಡಿಯವನು, ಮಾತುಗಾರ. ಅವನ ಮಗಳಿಗೂ ಅರೆತಲೆನೋವಂತೆ, ಬಿಸಿಲಿಗೆ ಹೋಗಿಬಂದರೆ ಮಲಗಿಬಿಡುತ್ತಾಳಂತೆ, ಅದಕ್ಕೇ ಅವಳ ಮಂಚದ ಮೇಲೆ ಒಂದು ಹಾಕಿಸಬೇಕಂತೆ. ತಂಪಣ್ಣನ ಮುಖ ಅರಳಿತು. ನನ್ನ ಹೆಂಡತಿಯದೂ ಅದೇ ಕಥೆ, ಬೆಂಕಿ ಬಿಟ್ಟಳು, ಇದರ ಕೆಳಗೆ ಮಲಗಿದಳು, ಈಗ ನೋಡಿ ಹೇಗಿದ್ದಾಳೆ ಎಂದು ಅವಳನ್ನು ಕರೆದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದ.

"ಹೌದೇನಮ್ಮಾ?" ಎಂದ ಗಿರಾಕಿ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಮನೆಯವರಿಗೆ ಹೇಳಿ ಹೇಳಿ ಸವೆದುಹೋಗಿದ್ದ ಮಾತು ಹೊರಗಿನವನ ಮುಂದೆ ಹೊಸದಾಗಿ ಬಂತು.

"ಇಲ್ಲ. ಇದರ ಗಾಳಿ ನೇರ ತಲೆಗೆ ಬಡಿದರೆ ನಂಗೆ ತಲೆ ಸಿಡಿಯುತ್ತೆ. ಈ ಕಿಂಡೀಲಿ ಮಿಷನ್ ಇಲ್ಲದಾಗ ನಾನು ಚೆನ್ನಾಗಿದ್ದೆ. ನಿಮ್ಮ ಮಗಳಿಗೆ ಹೇಗೋ ನಂಗೆ ಗೊತ್ತಿಲ್ಲ. ಮಂಚದ ಮೇಲಂತೂ ಹಾಕಿಸಬೇಡಿ, ಆ ಹುಡುಗೀನ ಒಂದು ಮಾತು ಕೇಳಿ."

ತಂಪಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಗಿರಾಕಿ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ತಂಪಣ್ಣನದು. ಆಮೇಲೆ ಏನೋ ಹೊಳೆದವನಂತೆ ನಕ್ಕು, ತಂಪಣ್ಣನ ಭುಜ ತಟ್ಟಿದ.

"ಬಿಡಿ ಸ್ವಾಮಿ. ನಮ್ಮನೇಲೂ ಹಿಂಗೇ. ಗಂಡ ಹೆಂಡತಿ ಜಗಳದಲ್ಲಿ ಮಿಷನ್ ಏನು ಮಾಡುತ್ತೆ ಪಾಪ. ತಣ್ಣಗಿದೆ, ಸದ್ದಿಲ್ಲ. ನಾಳೆ ಕಳಿಸಿಕೊಡಿ."

ಅವನು ಹೋದ ಮೇಲೂ ತಂಪಣ್ಣ ಬೈಯಲಿಲ್ಲ. "ನಿನ್ನ ಮಾತಿನಿಂದ ಏನೂ ಕೆಡಲಿಲ್ಲ ಬಿಡು" ಎಂದ, ಕ್ಷಮಿಸುವವನ ದನಿಯಲ್ಲಿ.

ಅವಳು ಚಾಪೆ, ದಿಂಬು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಅತ್ತೆ ಬಾಗಿಲಿಗೆ ಬಂದರು. ಈ ಸಲ ಸೊಸೆಯ ಮುಖ ನೋಡಿ ದಾರಿ ಬಿಟ್ಟರು. ಆರದ ಒಲೆಯ ಪಕ್ಕ, ಸೆಕೆಯಲ್ಲಿ, ಪಾತ್ರೆಗಳ ಕೆಳಗೆ ಚಾಪೆ ಹಾಸಿದಳು. ಅಂದಿನಿಂದ ಅದೇ ಅವಳ ಜಾಗ. ಕೇಳಿದವರಿಗೆ ಅತ್ತೆ, ಸೊಸೆಗೆ ತುಸು ಹಟ ಜಾಸ್ತಿ ಎನ್ನುತ್ತಾರೆ. ಅವಳು ಬೆಳಿಗ್ಗೆ ಎದ್ದಾಗ ತಲೆ ತಿಳಿನೀರಿನಂತಿರುತ್ತದೆ. ಅಂಥ ಹಗುರ ತಲೆಯನ್ನು ಹೊತ್ತುಕೊಂಡು ಹೋಗಲು ಅವಳಿಗೊಂದು ಕೆಲಸ ಮಾತ್ರ ಇಲ್ಲ.